‘ಕೊನೆ ಅರ್ಥ ಆಗಲಿಲ್ಲ’ ಅಂದರೆ ಕಥೆ ತಿದ್ದಬೇಕಾ?

ಹತ್ತು ಹಾರರ್ ಕಥೆಗಳನ್ನು ಎಂಟು ಜನರಿಗೆ ಓದಲು ಕೊಟ್ಟಿದ್ದೀರಿ. ನಾಲ್ವರು ‘ಹೆದರಿಕೆಯೇ ಆಗಲಿಲ್ಲ’ ಅಂದರು, ನಾಲ್ವರು ‘ಕೊನೆ ಅರ್ಥ ಆಗಲಿಲ್ಲ’ ಅಂದರು. ಪ್ರೆಸ್ಸಿಗೆ ಕೊಡುವ ಮೊದಲು ಕೊನೆಗಳನ್ನೆಲ್ಲ ಬಿಡಿಸಿ ಬರೆಯಲಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ. ನಾನು ಅದನ್ನೇ ಮಾಡಿ 500 ಪ್ರತಿ ಅಚ್ಚು ಹಾಕಿಸಿದವ.

ನನ್ನದು ಒಂಬತ್ತು ಕಥೆಗಳ ಪುಸ್ತಕ. ಅದರಲ್ಲಿ ‘ಸಂಕ’ ಅಂತ ಒಂದು ಕಥೆ. ನಮ್ಮ ತುಳುನಾಡಿನ ಆಟಿ ತಿಂಗಳ ಮಳೆ, ಮುಸ್ಸಂಜೆ, ತೋಡು (ಸಣ್ಣ ಹೊಳೆ) ತುಂಬಿದೆ. ಡೈರಿಗೆ ಹಾಲು ಕೊಟ್ಟು ಬರುವ ಹೆಂಗಸೊಬ್ಬಳು ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ ದಾಟುತ್ತಾಳೆ. ಅಂಥ ಸಂಕ ನಡುವಿನಲ್ಲಿ ನಮ್ಮ ಭಾರಕ್ಕೆ ತಗ್ಗುತ್ತದೆ, ಹಿಂದಿನಿಂದ ಇನ್ನೊಬ್ಬರು ಕಾಲಿಟ್ಟರೆ ತಿರುಗಿ ನೋಡದೆಯೇ ಅಂಗಾಲಿಗೆ ಗೊತ್ತಾಗುತ್ತದೆ. ಅವಳಿಗೆ ಗೊತ್ತಾಗುತ್ತದೆ. ತಿರುಗದೆ ನಡೆದು ಆಚೆ ದಡಕ್ಕೆ ಇಳಿಯುತ್ತಾಳೆ. ಇಳಿದ ಕೂಡಲೇ ಮರ ಮೇಲೆ ಚಿಮ್ಮಿ ದಡದ ಕಲ್ಲಿಗೆ ಬಡಿಯುವ ಸದ್ದು ಬರಬೇಕು. ಬರುವುದಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಅಚ್ಚಿಗೆ ಮೊದಲು ಆರು ಜನ ಓದಿದ್ದರು. ಮೂವರು ನಿಮ್ಮವರ ಹಾಗೆ ‘ಕೊನೆ ಅರ್ಥ ಆಗಲಿಲ್ಲ’ ಅಂದರು. ಅವರಲ್ಲಿ ಉಡುಪಿ ಹತ್ತಿರದ ಶಿರ್ವ ಕಡೆಯ ಒಬ್ಬರು ಓದಿ ಮೂರು ದಿನ ಆದ ಮೇಲೆ, ರಾತ್ರಿ ಹತ್ತಕ್ಕೆ ಫೋನ್ ಮಾಡಿ, “ಎಂತ ಮಾರಾಯ್ರೆ, ಆ ಸಂಕದ ಮೇಲೆ ಇದ್ದದ್ದು ಯಾರು?” ಅಂತ ಕೇಳಿದರು. ಮೂರು ದಿನ ಕಥೆ ಅವರನ್ನು ಬಿಟ್ಟಿರಲಿಲ್ಲ. ನಾನು ಅದನ್ನು ದೂರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಬರೆದುಕೊಂಡು, ಕೊನೆಗೆ ಆರು ಸಾಲು ಸೇರಿಸಿದೆ. 1974ರ ನೆರೆಯಲ್ಲಿ ಅದೇ ತೋಡಿನಲ್ಲಿ ಕೊಚ್ಚಿಹೋದ ಬಸುರಿ ಸೊಸೆ, ಹೆಣ ಸಿಗಲಿಲ್ಲ, ಬೊಜ್ಜ (ಸತ್ತವರ ಉತ್ತರಕ್ರಿಯೆ) ಸರಿಯಾಗಿ ಆಗಲಿಲ್ಲ, ಅಂದಿನಿಂದ ಸಂಜೆ ಹೊತ್ತು ಮನೆಗೆ ಹೋಗಲು ಜೊತೆ ಹುಡುಕುತ್ತಾಳೆ ಅಂತ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಕಥೆ ಕೆಡುತ್ತಿತ್ತು. ಒಂಬತ್ತಕ್ಕೂ ಹಾಗೆ ಒಂದೊಂದು ಪ್ಯಾರಾ ಬರೆದೆ.

ಪುಸ್ತಕ ಬಂದ ಮೇಲೆ ಓದುಗರ ಪ್ರತಿಕ್ರಿಯೆ ಎರಡೇ ಮಾತಿನದ್ದು: ‘ಚೆನ್ನಾಗಿದೆ’ ಮತ್ತು ‘ಪಾಪ’. ಈ ‘ಪಾಪ’ ಅನ್ನುವ ಮಾತನ್ನು ನೀವು ಚೆನ್ನಾಗಿ ಗಮನಿಸಬೇಕು. ಹಾರರ್ ಕಥೆ ಓದಿ ‘ಪಾಪ’ ಅಂದರೆ ಹೆದರಿಕೆ ಇದ್ದ ಜಾಗಕ್ಕೆ ಕನಿಕರ ಬಂದು ಕೂತಿದೆ. ಯಾಕೆ ಹಾಗಾಗುತ್ತದೆ ಅಂತ ನಮ್ಮ ಕಡೆಯವರಿಗೆ ವಿವರಿಸುವುದು ಕಷ್ಟವಿಲ್ಲ. ಮನೆಯಲ್ಲಿ ಒಂದರ ಹಿಂದೆ ಒಂದು ಕೆಡುಕಾದರೆ ಜ್ಯೋತಿಷಿಗಳನ್ನು ಕರೆಸಿ ಪ್ರಶ್ನೆ ಇಡಿಸುತ್ತಾರೆ. ದೊಡ್ಡ ತೊಂದರೆಯಾದರೆ ಅಷ್ಟಮಂಗಲ ಅನ್ನುವ ದೊಡ್ಡ ಪ್ರಶ್ನೆ. ಕವಡೆ ಮಗುಚಿ, ಇಂಥ ತಲೆಮಾರಿನ ಇಂಥವರು, ಇಂಥ ಕಾರಣಕ್ಕೆ ಅಂತ ಹೇಳಿದ ಕ್ಷಣ ಮನೆಯವರಿಗೆ ಉಸಿರು ಬರುತ್ತದೆ. ಪರಿಹಾರ ಇನ್ನೂ ಆಗಿರುವುದಿಲ್ಲ, ಆದರೂ ಆ ರಾತ್ರಿ ನಿದ್ದೆ ಬರುತ್ತದೆ. ಯಾರು ಅಂತ ಗೊತ್ತಾದರೆ ಎಂತ ಮಾಡಬೇಕು ಅಂತಲೂ ಗೊತ್ತಾಯಿತಲ್ಲ: ಪ್ರೇತೋದ್ಧಾರವೋ, ಮದುವೆಯಾಗದೆ ಹೋದವರಾದರೆ ಆಟಿಯಲ್ಲಿ ಸತ್ತವರಿಗೇ ಮಾಡಿಸುವ ಕುಲೆ ಮದುವೆಯೋ. ನಾನು ಸೇರಿಸಿದ ಆ ಆರು ಸಾಲು ಓದುಗರಿಗೆ ಪ್ರಶ್ನೆ ಇಟ್ಟುಕೊಟ್ಟ ಹಾಗಾಯಿತು. ಹೆಸರು ಹೇಳಿದೆ, ಕಾರಣ ಹೇಳಿದೆ, ಅವರು ಪುಸ್ತಕ ಮುಚ್ಚಿಟ್ಟು ನಿದ್ದೆ ಮಾಡಿದರು.

90ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರು. ರಾತ್ರಿ ಮನೆಯವರದ್ದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಅನ್ನುವ ಸುದ್ದಿ. ಅದು ಯಾರು, ಹೇಗೆ ಸತ್ತದ್ದು ಅನ್ನುವುದಕ್ಕೆ ಒಬ್ಬೊಬ್ಬರದ್ದು ಒಂದೊಂದು ಮಾತು. ಒಂದೇ ಉತ್ತರ ಸಿಕ್ಕಿದ್ದರೆ ಅಷ್ಟು ಬಾಗಿಲುಗಳಿಗೆ ಸೀಮೆಸುಣ್ಣ ತಾಗುತ್ತಿರಲಿಲ್ಲ.

ಈಗ ನನ್ನ ತಪ್ಪಿನ ಒಳಗಿನ ತಪ್ಪು. ‘ಅರ್ಥ ಆಗಲಿಲ್ಲ’ ಅಂದ ಮೂವರಲ್ಲಿ ಒಬ್ಬರು ದಾವಣಗೆರೆಯವರು. ಅವರಿಗೆ ತಿಳಿಯದೆ ಹೋದದ್ದು ಸಂಕ. ಅವರು ಮನಸ್ಸಿನಲ್ಲಿ ಸಿಮೆಂಟಿನ ಸೇತುವೆ ಇಟ್ಟುಕೊಂಡು ಓದಿದ್ದರು. ಸೇತುವೆ ತಗ್ಗುವುದು ಎಂತದ್ದು, ಸದ್ದು ಬರಬೇಕಾದದ್ದು ಯಾಕೆ? ಅವರು ಕೇಳಿದ್ದು ವಸ್ತುವಿನ ವಿಷಯ, ನಾನು ಉತ್ತರ ಕೊಟ್ಟದ್ದು ಪ್ರೇತದ ವಿಷಯ. ಶಿರ್ವದವರಿಗೆ ಸಂಕ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ನಿದ್ದೆ ಕೆಟ್ಟಿತ್ತು. ಇಬ್ಬರ ಬಾಯಲ್ಲೂ ಬಂದದ್ದು ಒಂದೇ ಮಾತು, ಬೇಕಾದ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಕಥೆಯ ಆರಂಭ ತಿದ್ದಬೇಕು. ಎರಡನೆಯದಕ್ಕೆ ಏನೂ ಮಾಡಬಾರದು. ಎರಡನೇ ಮುದ್ರಣದಲ್ಲಿ ಕೊನೆಯ ಆರು ಸಾಲು ಕಿತ್ತುಹಾಕಿ ಮೊದಲ ಪುಟಕ್ಕೆ ನಾಲ್ಕು ಸಾಲು ಹಾಕಿದೆ: ಬೆಳಿಗ್ಗೆ ಶಾಲೆಗೆ ಹೋಗುವ ಹುಡುಗ ಸಂಕದ ನಡುವೆ ಕುಣಿಯುತ್ತಾನೆ, ಹಿಂದೆ ಬರುವ ತಂಗಿ ಕಿರುಚುತ್ತಾಳೆ, ಅವನು ದಡಕ್ಕೆ ಹಾರಿದಾಗ ಮರ ಕಲ್ಲಿಗೆ ‘ಠಪ್’ ಅಂತ ಬಡಿಯುತ್ತದೆ, ಅಜ್ಜಿ ಬೈಯುತ್ತಾರೆ. ಅಷ್ಟೇ. ಈಗ ಘಟ್ಟದ ಮೇಲಿನವರೂ ಕೊನೆಯಲ್ಲಿ ಆ ಸದ್ದಿಗೆ ಕಾಯುತ್ತಾರೆ.

ಓದುಗರ ಗೊಂದಲವನ್ನು ಸೋಲು ಅಂತ ಲೆಕ್ಕ ಹಾಕಬೇಡಿ. ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಅವರ ‘ದಿ ಲಾಟರಿ’, ಊರಿನವರೆಲ್ಲ ಚೀಟಿ ಎತ್ತಿ ತಮ್ಮಲ್ಲೇ ಒಬ್ಬರನ್ನು ಕಲ್ಲೆಸೆದು ಕೊಲ್ಲುವ ಕಥೆ, 1948ರ ಜೂನ್ 26ರ ‘ದಿ ನ್ಯೂಯಾರ್ಕರ್’ ಸಂಚಿಕೆಯಲ್ಲಿ ಬಂದಾಗ ಆ ಬೇಸಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಪತ್ರಗಳು ಬಂದವು. ಅವುಗಳಲ್ಲಿ ಗೊಂದಲ, ಊಹೆ, ಬೈಗುಳ ಇವೇ ಮುಖ್ಯವಾಗಿ ಇದ್ದದ್ದು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆ ಲಾಟರಿ ಎಲ್ಲಿ ನಡೆಯುತ್ತದೆ, ನಾವೂ ನೋಡಲು ಬರಬಹುದಾ ಅಂತ ಕೇಳಿದವರೂ ಇದ್ದರು. ಮರುವರ್ಷ ಕಥೆ ಸಂಕಲನಕ್ಕೆ ಸೇರಿತು. ಆ ಊರಿನವರು ಹಾಗೆ ಯಾಕೆ ಮಾಡುತ್ತಾರೆ ಅನ್ನುವ ವಿವರಣೆ ಸೇರಲಿಲ್ಲ.

ಇನ್ನು ‘ಹೆದರಿಕೆ ಆಗಲಿಲ್ಲ’ ಅಂದ ನಾಲ್ವರು. ಅವರು ಎಲ್ಲಿ, ಯಾವಾಗ, ಯಾವುದರಲ್ಲಿ ಓದಿದರು ಅಂತ ಕೇಳಿದ್ದೀರಾ? ನನ್ನ ಒಬ್ಬ ಓದುಗರು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ತಲೆ ಮೇಲೆ ಸ್ಪೀಕರ್ ಬೊಬ್ಬೆ ಹೊಡೆಯುವಾಗ, ಮೊಬೈಲಿನಲ್ಲಿ ಪಿಡಿಎಫ್ ತೆರೆದು ಮೂರು ಕಥೆ ಮುಗಿಸಿದ್ದರು. ಆ ಅಭಿಪ್ರಾಯ ಕಥೆಯದ್ದಲ್ಲ, ಬಸ್ಸಿನದ್ದು. ಮುಂದಿನ ಸಲ ಪಿಡಿಎಫ್ ಕಳಿಸಬೇಡಿ. 2,500 ಪದದ ಕಥೆ ಎ4 ಹಾಳೆಯಲ್ಲಿ ಏಳೆಂಟು ಪುಟ ಆಗುತ್ತದೆ, ಪ್ರಿಂಟ್ ತೆಗೆದು ಕೊಡಿ, ಜೊತೆಗೆ ಒಂದು ಪೆನ್ಸಿಲ್. ಮನಸ್ಸು ಬೇರೆ ಕಡೆ ಹೋದಲ್ಲಿ ಬದಿಯಲ್ಲಿ ಗೆರೆ ಎಳೆಯಲಿ, ಕಾರಣ ಬರೆಯುವುದು ಬೇಡ. ಆರು ಜನರಲ್ಲಿ ನಾಲ್ವರ ಗೆರೆ ಒಂದೇ ಪ್ಯಾರಾದ ಹತ್ತಿರ ಬಂದರೆ ಆ ಪ್ಯಾರಾ ತೆಗೆಯಿರಿ.

ಕಟ್ಟು ಮಾಡಿ ಹತ್ತೂ ಕಥೆ ಒಟ್ಟಿಗೆ ಕೊಡಬೇಡಿ, ಎರಡು ದಿನಕ್ಕೊಂದು ಸಾಕು. ನಾಲ್ಕನೇ ಕಥೆಯ ಹೊತ್ತಿಗೆ ಓದುಗರು ನಿಮ್ಮ ಅಭ್ಯಾಸ ಕಲಿತಿರುತ್ತಾರೆ. ನೀವು ಪ್ರತಿ ಸಲ ಕೊನೆಯ ಪುಟದಲ್ಲೇ ಬಾಗಿಲು ಬಡಿಸುವವರಾದರೆ ಅವರು ಕೊನೆಯ ಪುಟಕ್ಕೆ ಮೊದಲೇ ಬೆನ್ನು ಗಟ್ಟಿಮಾಡಿ ಕೂತಿರುತ್ತಾರೆ. ಆದ್ದರಿಂದ ಅರ್ಧ ಜನರಿಗೆ ಒಂದರಿಂದ ಹತ್ತು, ಇನ್ನರ್ಧ ಜನರಿಗೆ ಹತ್ತರಿಂದ ಒಂದು, ಹೀಗೆ ಕೊಡಿ. ಎರಡೂ ಕಡೆಯವರು ಸಪ್ಪೆ ಅಂದ ಕಥೆ ನಿಜವಾಗಿ ಸಪ್ಪೆ. ಕೊನೆಯಲ್ಲಿ ಓದಿದವರಿಗೆ ಮಾತ್ರ ಸಪ್ಪೆ ಅನಿಸಿದರೆ ಕಥೆಯನ್ನು ಮುಟ್ಟದೆ ಅದರ ಜಾಗ ಬದಲಿಸಿ.

‘ಹೆದರಿಕೆ ಆಯಿತಾ’ ಅಂತ ಯಾರನ್ನೂ ಕೇಳಲೇಬೇಡಿ. ದೊಡ್ಡವರು, ಅದರಲ್ಲೂ ಗಂಡಸರು, ಹೌದು ಅನ್ನುವುದಿಲ್ಲ. ವಾರ ಬಿಟ್ಟು ‘ಆ ಕಥೆ ಒಮ್ಮೆ ಹೇಳಿ ನೋಡುವಾ’ ಅನ್ನಿ, ಸುಮ್ಮನೆ ಕೇಳಿಸಿಕೊಳ್ಳಿ. ಅವರು ಬಿಟ್ಟದ್ದನ್ನು ನೀವೂ ಬಿಡಬಹುದು. ಇಲ್ಲದ್ದನ್ನು ಎಲ್ಲಿ ಸೇರಿಸಿದರೋ ಅಲ್ಲಿ ಕಥೆ ಅವರನ್ನು ಹಿಡಿದಿದೆ. ‘ಸಂಕ’ವನ್ನು ಹೀಗೆ ಹೇಳಿಸಿದಾಗ ಮೂವರು, ಅವಳು ಒಮ್ಮೆ ತಿರುಗಿ ನೋಡಿದಳು ಅಂದರು. ಕಥೆಯಲ್ಲಿ ಅವಳು ತಿರುಗುವುದೇ ಇಲ್ಲ. ತಿರುಗಿದವರು ಓದುಗರು.

ನೀವು ಮಂಗಳೂರಿನವರು ಅಂತ ಬರೆದದ್ದರಿಂದ ಇದನ್ನೂ ಹೇಳಬೇಕು. ಪುಸ್ತಕದ ಹೆಸರಿನಲ್ಲಿ ‘ಭೂತ’ ಅಂತ ಇದೆಯಲ್ಲ, ಅದನ್ನು ಬದಲಿಸಿ. ಘಟ್ಟದ ಮೇಲೆ ಭೂತ ಅಂದರೆ ದೆವ್ವ. ಇಲ್ಲಿ ಭೂತ ಅಂದರೆ ದೈವ, ಅದಕ್ಕೆ ನಡೆಯುವ ಸೇವೆಗಳಾದ ಕೋಲ, ನೇಮ, ಮನೆಯ ತಂಬಿಲ. ನಿಮ್ಮ ಏಳನೇ ಕಥೆಯಲ್ಲಿ ದೈವದ ಮುಗ (ಮುಖವಾಡ) ಕತ್ತಲಲ್ಲಿ ಕಾಣಿಸಿಕೊಂಡು ಹೆದರಿಸುತ್ತದೆ ಅಂದಿರಿ. ಕರಾವಳಿಯ ಓದುಗರಿಗೆ ದೈವ ನ್ಯಾಯ ಹೇಳುವ, ಅಭಯ ಕೊಡುವ ಶಕ್ತಿ. ಅದು ಬಂದ ಕೂಡಲೇ ಅವರಿಗೆ ಧೈರ್ಯ ಬರುತ್ತದೆ, ಅಲ್ಲಿಂದ ಮುಂದೆ ನಿಮ್ಮ ಕಥೆ ನಡೆಯುವುದಿಲ್ಲ. ಬೇಸರ ಮಾಡಿಕೊಳ್ಳುವವರೂ ಇರುತ್ತಾರೆ, ಅವರ ಬೇಸರ ಸರಿಯಾದದ್ದೇ. ಸತ್ತವರ ಕಥೆ ಬೇಕಾದರೆ ತುಳುವಿನಲ್ಲಿ ‘ಕುಲೆ’ ಅನ್ನುವ ಮಾತೇ ಇದೆ. ಆದರೆ ಕುಲೆಯೂ ಹೊರಗಿನವರಲ್ಲ. ಆಟಿಯಲ್ಲಿ ಎಲೆ ಹಾಕಿ ಬಡಿಸಿ ಕರೆಯುವ ಮನೆಯವರು. ಅವರು ಧುತ್ತೆಂದು ಎದುರು ಬಂದರೆ ನಮ್ಮವರು ಹೆದರುವುದು ಕಡಿಮೆ. ಬಡಿಸಲು ಮರೆತ ಎಲೆಯೊಂದು ಊಟ ಮುಗಿದ ಮೇಲೆ ಲೆಕ್ಕಕ್ಕೆ ಸಿಕ್ಕಿದರೆ ಹೆದರುತ್ತಾರೆ.

ಮುನ್ನುಡಿ ಬರೆಸುತ್ತಿದ್ದರೆ ಜಾಗ್ರತೆ. ಒಂದೊಂದೇ ಕಥೆಯ ಸಾರಾಂಶ ಕೊನೆಯ ಸಮೇತ ಹೇಳಿ ಆಮೇಲೆ ಮೆಚ್ಚುವುದು ನಮ್ಮಲ್ಲಿ ರೂಢಿ. ಬೇರೆ ಪುಸ್ತಕಕ್ಕೆ ನಡೆಯಬಹುದು, ಇದಕ್ಕೆ ನಡೆಯುವುದಿಲ್ಲ. ಹಿರಿಯರಿಗೆ ಮೊದಲೇ ವಿನಂತಿ ಮಾಡಿ ಅದನ್ನು ಪುಸ್ತಕದ ಕೊನೆಗೆ ಹಾಕಿ. ಬೆನ್ನುಡಿಯಲ್ಲೂ ಕಥೆ ಹೇಳಿಸಬೇಡಿ.

ಪುಟ ಕಟ್ಟುವಾಗ ಡಿಟಿಪಿಯವರ ಪಕ್ಕ ಒಂದು ದಿನ ಕೂರಿ. ಕಥೆಯ ಕೊನೆಯ ಸಾಲು ಬಲಪುಟದಲ್ಲಿ ಬಂದರೆ ಓದುಗರ ಕಣ್ಣು ಎಡಪುಟ ಓದುವಾಗಲೇ ಅತ್ತ ಜಾರುತ್ತದೆ. ಹಾಳೆ ಮಗುಚಿದ ಮೇಲೆ ಎಡಪುಟದ ಮೇಲ್ಭಾಗದಲ್ಲಿ ಸಿಗುವ ಹಾಗೆ ಮಾಡಿಸಿ, ಅದರ ಕೆಳಗೆ ಖಾಲಿ ಬಿಡಿ. ಡೆಮಿ 1/8 ಅಳತೆಯ ಪುಸ್ತಕದಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರ್ಮ್ ಅನ್ನುತ್ತಾರೆ. ನನ್ನದು ಎಂಟು ಫಾರ್ಮಿಗೆ, 128 ಪುಟಕ್ಕೆ ಸರಿಯಾಗಿ ಕೂತಿತ್ತು. ಆ ಒಂಬತ್ತು ಪ್ಯಾರಾಗಳಿಂದ ನಾಲ್ಕು ಕಥೆಗಳು ಒಂದೊಂದು ಪುಟ ಮುಂದಕ್ಕೆ ಉಕ್ಕಿದವು, ಅರ್ಧ ಫಾರ್ಮ್ ಹೆಚ್ಚಾಗಿ 136 ಆಯಿತು. ಕಥೆ ಕೆಡಿಸುವುದಕ್ಕೆ ಕಾಗದದ ದುಡ್ಡೂ ಕೊಟ್ಟೆ.

ಪ್ರೆಸ್ಸಿಗೆ ಇನ್ನೂ ಹದಿನೈದು ದಿನ ಉಂಟು ಅಂದಿರಲ್ಲ. ‘ಕೊನೆ ಅರ್ಥ ಆಗಲಿಲ್ಲ’ ಅಂದ ಆ ನಾಲ್ವರಿಗೆ ನಾಳೆ ಫೋನ್ ಮಾಡಿ, ಕಥೆ ಹೇಳಿಸಿ. ಯಾವುದೋ ವಸ್ತು, ಸಂಬಂಧ, ಜಾಗ ತಪ್ಪಿಹೋಗಿದ್ದರೆ ಮೊದಲ ಎರಡು ಪುಟದಲ್ಲಿ ಸೇರಿಸಿ. ‘ಅದು ಯಾರು’ ಅಂತ ಅವರೇ ತಿರುಗಿ ಕೇಳಿದರೆ ಹೇಳಬೇಡಿ, ಆ ಕಥೆಯನ್ನು ಹಾಗೆಯೇ ಅಚ್ಚಿಗೆ ಕೊಡಿ.