ಅಗಿಯುವ ಸ್ನಾಯುಗಳು ಯಾವುವು? ಅವುಗಳಿಗೆ ಯಾವ ನರ?
ಹಲ್ಲು ಬಿಗಿಯಾಗಿ ಕಚ್ಚಿ ದವಡೆಯ ಮೂಲೆ ಮುಟ್ಟಿ ನೋಡಿ. ಗಟ್ಟಿಯಾಗಿ ಉಬ್ಬುವುದೇ ಮ್ಯಾಸೆಟರ್. ಕಣತಲೆಯಲ್ಲಿ ಮಿಸುಕುವುದು ಟೆಂಪೊರಾಲಿಸ್. ಮೀಡಿಯಲ್ ಮತ್ತು ಲ್ಯಾಟರಲ್ ಟೆರಿಗಾಯ್ಡ್ ದವಡೆಯ ಒಳಬದಿಯಲ್ಲಿವೆ, ಹೊರಗಿನಿಂದ ಕೈಗೆ ಸಿಗುವುದಿಲ್ಲ. ಹೀಗೆ ಒಂದೊಂದು ಬದಿಗೆ 4. ಮೊದಲ ಮೂರು ಬಾಯಿ ಮುಚ್ಚುತ್ತವೆ. ಲ್ಯಾಟರಲ್ ಟೆರಿಗಾಯ್ಡ್ ದವಡೆಯನ್ನು ಮುಂದಕ್ಕೆಳೆದು ಬಾಯಿ ತೆರೆಯಲು ನೆರವಾಗುತ್ತದೆ.

ನಾಲ್ಕಕ್ಕೂ ನರ ಒಂದೇ: 5ನೇ ಕಪಾಲ ನರ ಟ್ರೈಜೆಮಿನಲ್‌ನ ಮ್ಯಾಂಡಿಬ್ಯುಲರ್ ಶಾಖೆ. ತಲೆಬುರುಡೆಯ ತಳದಲ್ಲಿರುವ ಫೊರಾಮೆನ್ ಓವೇಲ್ ಎಂಬ ರಂಧ್ರದಿಂದ ಅದು ಕೆಳಗಿಳಿಯುತ್ತದೆ. ಒಂದು ಬದಿಯ ನರ ಕೆಟ್ಟರೆ, ಬಾಯಿ ತೆರೆದಾಗ ದವಡೆ ಆ ಬದಿಗೇ ವಾಲುತ್ತದೆ. ಸರಿಯಿರುವ ಬದಿಯ ಲ್ಯಾಟರಲ್ ಟೆರಿಗಾಯ್ಡ್‌ಗೆ ಎದುರಾಳಿ ಇಲ್ಲವಲ್ಲ!

ಪರೀಕ್ಷೆಯಲ್ಲಿ ಎಡವಿಸುವುದು ಕೆನ್ನೆಯ ಬಕ್ಸಿನೇಟರ್. ತುತ್ತನ್ನು ಹಲ್ಲುಗಳ ನಡುವೆ ತಳ್ಳುವುದು ಅದೇ ಆದರೂ, ಅದರ ನರ 7ನೆಯದು, ಫೇಶಿಯಲ್.