ಅಮೆರಿಕದಲ್ಲಿ ಚಿಕ್ಕ ಮಕ್ಕಳೊಡನೆ ಹ್ಯಾಲೊವೀನ್: ಹೆಚ್ಚು ತಲೆಬಿಸಿಯಿಲ್ಲದೆ ಆಚರಿಸುವುದು ಹೇಗೆ?

ಈ ಬೇಸಿಗೆಯಲ್ಲಿ ನ್ಯೂಜೆರ್ಸಿಗೆ ಬಂದು ನೆಲೆಸಿರುವ ನಿಮಗೆ ಇದು ಮೊದಲ ಹ್ಯಾಲೊವೀನ್. ಏಳು ವರ್ಷದ ಮಗಳು ದಿನ ಎಣಿಸುತ್ತಿದ್ದಾಳೆ, ನಾಲ್ಕು ವರ್ಷದ ಮಗ ಅಂಗಡಿಯಲ್ಲಿ ತೂಗುಹಾಕಿದ ಅಸ್ಥಿಪಂಜರ ಕಂಡರೇ ಅಳುತ್ತಾನೆ, ಊರಿನಿಂದ ಬಂದಿರುವ ಅತ್ತೆಯವರಿಗೆ "ದೆವ್ವದ ಹಬ್ಬ" ಮನೆಗೆ ಬರುವುದೇ ಬೇಡ. ಅಕ್ಕಪಕ್ಕದವರ ಅಂಗಳದ ಅಲಂಕಾರ ನೋಡಿದರೆ ತಮ್ಮಿಂದ ಇದೆಲ್ಲ ಆಗುವುದಿಲ್ಲ ಎನಿಸುತ್ತದೆ ಎಂದು ಬರೆದಿದ್ದೀರಿ. ಇದೇ ರಾಜ್ಯದಲ್ಲಿ ಮಕ್ಕಳನ್ನು ಬೆಳೆಸಿದವಳಾಗಿ ನನ್ನ ಮೊದಲ ಮಾತು ಇದು: ಈ ಹಬ್ಬದಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು ಅದನ್ನು ಸಂತೋಷದಿಂದ ಮಾಡಿ, ಉಳಿದುದನ್ನು ಬಿಡಿ.

ಹಾಗೆ ಬಿಡುವುದರಿಂದ ಯಾರಿಗೂ ಬೇಸರವಾಗುವುದಿಲ್ಲ. ಹ್ಯಾಲೊವೀನ್ ಬರುವ ಅಕ್ಟೋಬರ್ 31 ಇಲ್ಲಿ ಸರ್ಕಾರಿ ರಜೆಯಲ್ಲ. ನಮ್ಮ ಹಬ್ಬಗಳಂತೆ ಯಾರನ್ನು ಕರೆದೆವು, ಯಾರ ಮನೆಗೆ ಹೋಗಲಿಲ್ಲ ಎಂಬ ಲೆಕ್ಕವನ್ನು ಇಲ್ಲಿ ಯಾರೂ ಇಡುವುದಿಲ್ಲ. ಎಲ್ಲರೂ ಪಾಲಿಸುವ ರೂಢಿ ಒಂದೇ: ಮುಂಬಾಗಿಲಿನ ದೀಪ ಉರಿಯುತ್ತಿದ್ದರೆ ಮಕ್ಕಳು ವೇಷ ತೊಟ್ಟು ಬಂದು "ಟ್ರಿಕ್ ಆರ್ ಟ್ರೀಟ್" ಎಂದು ಕ್ಯಾಂಡಿ ಕೇಳುತ್ತಾರೆ, ಆರಿದ್ದರೆ ಮುಂದಿನ ಮನೆಗೆ ಹೋಗುತ್ತಾರೆ. ಅರ್ಧ ಗಂಟೆ ದೀಪ ಹಾಕಿ, ಮಗ ಸುಸ್ತಾದ ಕೂಡಲೇ ಆರಿಸಿಬಿಟ್ಟರೂ ಅದು ಪೂರ್ಣ ಆಚರಣೆಯೇ.

ಹೆದರುವ ಮಗುವಿಗೆ ನಾನು ಕಂಡಂತೆ ಅತ್ಯುತ್ತಮವಾದ ಕೆಲಸವೆಂದರೆ ಬೇಡುವುದಲ್ಲ, ಕೊಡುವುದು. ಅಪರಿಚಿತರ ಮನೆಯ ಕತ್ತಲೆ ಅಂಗಳ ದಾಟಿ ಹೋಗಬೇಕಾದ ಮಗುವಿಗೂ, ಅಮ್ಮನ ಪಕ್ಕದಲ್ಲಿ ತನ್ನದೇ ಮನೆಯ ಮೆಟ್ಟಿಲ ಮೇಲೆ ಕ್ಯಾಂಡಿಯ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಮಗುವಿಗೂ ಬಹಳ ಅಂತರವಿದೆ. ತಿಂಗಳ ಕೊನೆಗೆ ಇಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಮೊದಲು, ಶಾಲೆ ಬಿಟ್ಟ ಹೊತ್ತಿನಲ್ಲಿ ಬರುವವರು ಹೆಚ್ಚಾಗಿ ಪುಟ್ಟ ಮಕ್ಕಳೇ. ಜೇನುಹುಳು, ಡೈನೋಸಾರ್, ಅಗ್ನಿಶಾಮಕ ದಳದವನ ವೇಷಗಳು. ಭಯಂಕರ ಮುಖವಾಡ ತೊಟ್ಟ ದೊಡ್ಡ ಹುಡುಗರು ಬರುವುದು ಕತ್ತಲಾದ ಮೇಲೆ. ಅಷ್ಟರಲ್ಲಿ ಮಗನನ್ನು ಒಳಗೆ ಕರೆದುಕೊಂಡು, ಬಟ್ಟಲನ್ನು ಮೆಟ್ಟಿಲ ಮೇಲೆ ಬಿಟ್ಟು, "ಒಂದೊಂದು ತೆಗೆದುಕೊಳ್ಳಿ" ಎಂದು ಚೀಟಿ ಅಂಟಿಸಿದರೆ ಸಾಕು. ಕಡಲೆಕಾಯಿಯ ಅಲರ್ಜಿ ಇರುವ ಮಕ್ಕಳು ಇಲ್ಲಿ ಬಹಳ ಇರುವುದರಿಂದ, ಬೇರೊಂದು ಬಟ್ಟಲಿನಲ್ಲಿ ಪೆನ್ಸಿಲ್, ಸ್ಟಿಕ್ಕರ್‌ಗಳನ್ನೂ ಇಡಿ. ಕೆಲವು ಮನೆಗಳ ಮುಂದೆ ಕಾಣುವ ಹಸಿರು ನೀಲಿ ಬಣ್ಣದ ಕುಂಬಳಕಾಯಿಯ ಅರ್ಥ ಇದೇ. ಟೆನೆಸಿ ರಾಜ್ಯದಲ್ಲಿ ಶುರುವಾದ ಆ ಪದ್ಧತಿ 2014ರಿಂದ ದೇಶದಾದ್ಯಂತ ಹಬ್ಬಿದೆ.

ಮಗಳಿಗೆ ಹೊರಗೆ ಹೋಗುವ ಆಸೆಯಿದ್ದರೆ ನಿಮ್ಮ ಬೀದಿಯ ಕೆಲವೇ ಮನೆಗಳಿಗೆ ಮನೆಯ ಇನ್ನೊಬ್ಬರು ಕರೆದುಕೊಂಡು ಹೋಗಲಿ. ವೇಷ ಭಯಾನಕವಾಗಿರಬೇಕೆಂದಿಲ್ಲ, ಕೊಂಡದ್ದಾಗಿರಬೇಕೆಂದೂ ಇಲ್ಲ. ಹಳೆಯ ದುಪಟ್ಟಾದಿಂದ ಚಿಟ್ಟೆಯ ರೆಕ್ಕೆಯಾಗುತ್ತದೆ, ರಟ್ಟಿನ ಪೆಟ್ಟಿಗೆಗೆ ಬಣ್ಣ ಹಚ್ಚಿದರೆ ರೈಲುಗಾಡಿಯಾಗುತ್ತದೆ. ಒಂದನ್ನು ಮಾತ್ರ ಮೊದಲೇ ನೋಡಿಕೊಳ್ಳಿ: ಒಳಗೆ ದಪ್ಪ ಸ್ವೆಟರ್ ಹಾಕಿದರೂ ವೇಷ ಹಿಡಿಸುವಂತಿರಲಿ, ಇಲ್ಲವಾದರೆ ಚಳಿಗೆ ಮೇಲೊಂದು ಜಾಕೆಟ್ ಹಾಕಿ ಇಡೀ ವೇಷ ಮುಚ್ಚಿಹೋಗುತ್ತದೆ. ನೀವು ಸಸ್ಯಾಹಾರಿಗಳಾಗಿದ್ದರೆ ಮನೆಗೆ ಬಂದ ಮೇಲೆ ಕ್ಯಾಂಡಿಯನ್ನೆಲ್ಲ ಮೇಜಿನ ಮೇಲೆ ಸುರಿದು ಆರಿಸಬೇಕಾಗುತ್ತದೆ, ಏಕೆಂದರೆ ಗಮ್ಮಿ, ಮಾರ್ಷ್‌ಮೆಲೊ, ಸ್ಟಾರ್‌ಬರ್ಸ್ಟ್ ಮತ್ತು ಸಾಮಾನ್ಯವಾಗಿ ಕ್ಯಾಂಡಿ ಕಾರ್ನ್‌ನಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಸ್ಕಿಟಲ್ಸ್‌ನಲ್ಲಿ ಈಗ ಅದಿಲ್ಲ. ತೆಗೆದಿಟ್ಟದ್ದಕ್ಕೆ ಬದಲಾಗಿ ತಿನ್ನಬಹುದಾದ ಚಾಕೊಲೇಟ್ ಕೊಟ್ಟರೆ ಜಗಳವಿರುವುದಿಲ್ಲ.

ಬಾಗಿಲಿನ ಗದ್ದಲವೇ ಬೇಡವೆನಿಸಿದರೆ ಕುಂಬಳಕಾಯಿಯಲ್ಲಿ ಮುಖ ಕೆತ್ತಿ ಒಳಗೆ ದೀಪವಿಡುವುದೊಂದೇ ಸಾಕು. ಚೂರಿ ದೊಡ್ಡವರ ಕೈಯಲ್ಲಿರಲಿ. ಮೇಲಿನ ಮುಚ್ಚಳವನ್ನು ನೇರವಾಗಿ ಕೊಯ್ಯದೆ ಒಳಮುಖವಾಗಿ ಓರೆಯಾಗಿ ಕೊಯ್ದರೆ ಅದು ಒಳಕ್ಕೆ ಬೀಳದೆ ಕೂರುತ್ತದೆ. ಆಮೇಲಿನ ಕೆಲಸ ಮಕ್ಕಳದು: ಮೊಣಕೈವರೆಗೆ ಕೈ ಹಾಕಿ ತಣ್ಣಗಿನ, ಲೋಳೆಯಾದ ನಾರನ್ನು ಹಿಡಿಹಿಡಿಯಾಗಿ ಎಳೆದು ತೆಗೆಯುವಾಗ ಮೊದಲು ಮೂಗು ಮುರಿಯುವ ಮಗುವೇ ಕೊನೆಗೆ ಪಾತ್ರೆ ಬಿಟ್ಟು ಏಳುವುದಿಲ್ಲ. ಬೀಜಗಳನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ, ಚಿಟಿಕೆ ಇಂಗು ಬೆರೆಸಿ 325 ಡಿಗ್ರಿ ಫ್ಯಾರನ್‌ಹೀಟ್‌ನ ಓವನ್‌ನಲ್ಲಿ ಹೊಂಬಣ್ಣ ಬರುವವರೆಗೆ ಹುರಿಯಿರಿ. ನಡುವೆ ಒಮ್ಮೆ ಕೈಯಾಡಿಸಬೇಕು. ಕೆತ್ತುವ ದೊಡ್ಡ ಕಾಯಿಯ ತಿರುಳು ನೀರುನೀರಾಗಿರುತ್ತದೆ, ಹುಳಿಗೂ ಪಲ್ಯಕ್ಕೂ ರುಚಿಯಿಲ್ಲ. ಅಡುಗೆಗೆ ಅಂಗಡಿಯಲ್ಲಿ "ಪೈ ಪಂಪ್ಕಿನ್" ಎಂದು ಮಾರುವ ಚಿಕ್ಕ ಕಾಯಿ ತನ್ನಿ, ಅದು ನಮ್ಮ ಸಿಹಿಗುಂಬಳಕ್ಕೆ ಹತ್ತಿರ. ಕೊಯ್ದ ಕಾಯಿ ಕೆಲವೇ ದಿನಗಳಲ್ಲಿ ಕೊಳೆಯಲು ಆರಂಭಿಸುವುದರಿಂದ ಹಬ್ಬದ ಹಿಂದಿನ ದಿನ ಅಥವಾ ಆ ದಿನವೇ ಕೆತ್ತುವುದು ಮೇಲು. ಬಣ್ಣ ಹಚ್ಚಿದ ಇಡೀ ಕಾಯಿಯಾದರೆ ವಾರಗಟ್ಟಲೆ ಇರುತ್ತದೆ.

ಕೆತ್ತಿದ ಕಾಯಿಯ ಒಳಗೆ ಬ್ಯಾಟರಿಯ ದೀಪವನ್ನೇ ಇಡಿ. ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕೆಲವು ವರ್ಷ ಎರಡು ಹಬ್ಬಗಳು ಒಟ್ಟಿಗೇ ಬರುತ್ತವೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಇತ್ತು. ಮೆಟ್ಟಿಲ ಮೇಲೆ ಎಣ್ಣೆಯ ಹಣತೆ, ಅದರ ಪಕ್ಕದಲ್ಲೇ ಹತ್ತಿಯಂತಹ ಕೃತಕ ಜೇಡರಬಲೆ, ಅವುಗಳ ನಡುವೆ ಪಾಲಿಯೆಸ್ಟರ್ ಉಡುಪಿನಲ್ಲಿ ಓಡಾಡುವ ಮಕ್ಕಳು, ಇವು ಮೂರೂ ಕೂಡಿದರೆ ನಿಜವಾದ ಅಪಾಯ. ಅಂಥ ವರ್ಷ ಹಣತೆ ಹಿತ್ತಲಲ್ಲಿರಲಿ.

ಅತ್ತೆಯವರ ವಿಷಯವನ್ನು ವಾದದಿಂದ ಗೆಲ್ಲಲಾಗದು, ಗೆಲ್ಲಬೇಕಾಗಿಯೂ ಇಲ್ಲ. ಈ ಹಬ್ಬದ ಮೂಲ ಅವರಿಗೆ ಅಪರಿಚಿತವಾದುದಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನಲ್ಲಿ ಸತ್ತವರು ಮನೆಯತ್ತ ಬರುತ್ತಾರೆಂಬ ನಂಬಿಕೆಯಿತ್ತು. ಕ್ರೈಸ್ತರಿಗೆ ನವೆಂಬರ್ 1 ಎಲ್ಲ ಸಂತರ ದಿನ, 2 ಅಗಲಿದವರೆಲ್ಲರ ಸ್ಮರಣೆಯ ದಿನ. ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದ ಐರಿಷ್ ಜನ ಅಮೆರಿಕಕ್ಕೆ ಬಂದ ಮೇಲೆ ಇಲ್ಲಿ ಹೇರಳವಾಗಿ ಬೆಳೆಯುವ ಕುಂಬಳಕಾಯಿಗೆ ಹೊರಳಿದರು. ಮಹಾಲಯ ಅಮಾವಾಸ್ಯೆಗೆ ಎಡೆಯಿಟ್ಟು ಹಿರಿಯರನ್ನು ನೆನೆಯುವವರಿಗೆ ಇದರ ಭಾವ ತಿಳಿಯದೇ ಇರದು. ಹಾಗಿದ್ದೂ ಅವರ ಮನಸ್ಸು ಒಪ್ಪದಿದ್ದರೆ ಅಸ್ಥಿಪಂಜರ, ತಲೆಬುರುಡೆಗಳನ್ನು ತರಬೇಡಿ. ಒಣಗಿದ ಜೋಳದ ದಂಟು, ಸೇವಂತಿಗೆಯ ಕುಂಡ, ಕುಂಬಳಕಾಯಿ ಇದ್ದರೆ ಹಬ್ಬಕ್ಕೆ ಏನೂ ಕಡಿಮೆಯಾಗುವುದಿಲ್ಲ.

ಅದಕ್ಕಿಂತಲೂ ಮುಖ್ಯವಾಗಿ ಅವರಿಗೊಂದು ಪಾಲು ಕೊಡಿ. ಮಗ ಮಲಗಿದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಳ್ಳಿದೆವ್ವದ ಕತೆ, ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ದೆವ್ವವನ್ನು ದಿನದಿನವೂ ಹಿಂದಕ್ಕೆ ಕಳುಹಿಸುತ್ತಿದ್ದ ಕತೆ ಹೇಳಲು ಕೇಳಿಕೊಳ್ಳಿ. ಈ ದೇಶದಲ್ಲಿ ಬೆಳೆಯುವ ಮಗುವಿಗೆ ಅಜ್ಜಿಯ ಬಾಯಿಂದ ಕನ್ನಡದಲ್ಲಿ ಕೇಳಿದ ದೆವ್ವದ ಕತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಮತ್ತು ನನ್ನ ಮಟ್ಟಿಗೆ ಇಡೀ ಹಬ್ಬದಲ್ಲಿ ಇದಕ್ಕಿಂತ ಹೆಚ್ಚಿನದು ಇನ್ನೊಂದಿಲ್ಲ.

ಶಾಲೆಯ ಬಗ್ಗೆಯೂ ಕೇಳಿದ್ದೀರಿ. ಕೆಲವು ಶಾಲೆಗಳು ವೇಷದ ಮೆರವಣಿಗೆ ನಡೆಸುತ್ತವೆ, ಕೆಲವು ನಿಲ್ಲಿಸಿವೆ, ಆದ್ದರಿಂದ ಶಾಲೆಯ ಪತ್ರ ಬಂದ ಮೇಲೆಯೇ ತಯಾರಿ ಆರಂಭಿಸಿ. ಆಟದ ಕತ್ತಿ, ಬಂದೂಕು, ಮುಖವಾಡಗಳಿಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಮಗನ ಭಯದ ಬಗ್ಗೆ ಅವನ ಟೀಚರಿಗೆ ಮುಂಚಿತವಾಗಿ ಎರಡು ಸಾಲು ಬರೆಯಿರಿ. ಇಂಥ ಮಕ್ಕಳನ್ನು ಅವರು ಪ್ರತಿ ವರ್ಷ ನೋಡಿರುತ್ತಾರೆ, ಮೆರವಣಿಗೆಯ ಹೊತ್ತಿನಲ್ಲಿ ಅವನನ್ನು ಬೇರೊಂದು ಕೋಣೆಯಲ್ಲಿ ಆಟಕ್ಕೆ ಕೂರಿಸಲು ಸಾಧ್ಯವೇ ಎಂದು ಸಂಕೋಚವಿಲ್ಲದೆ ಕೇಳಬಹುದು.