ಕ್ಯಾಸಿನೊ ರಾಯಲ್ ಮೂರಿದೆ, ಯಾವ್ದು ನೋಡ್ಬೇಕು ಅಂತ ಕೇಳಿದವರಿಗೆ

ಜೇಮ್ಸ್ ಬಾಂಡ್ ಕಥೆ 'ಕ್ಯಾಸಿನೊ ರಾಯಲ್' ಮೂರು ಸಲ ತೆರೆಗೆ ಬಂದಿದೆ, ಅದ್ರಲ್ಲಿ ಯಾವ್ದು ಕಾದಂಬರಿಗೆ ಹತ್ರ ಅಂತ ಕೇಳಿದ್ರಲ್ಲ, ಕಣ್ಮುಚ್ಕೊಂಡು 2006ರದ್ದೇ ನೋಡಿ.

ಇಯಾನ್ ಫ್ಲೆಮಿಂಗ್ ಬರೆದ ಮೊದಲನೇ ಬಾಂಡ್ ಕಾದಂಬರಿ ಇದು, 1953ರದ್ದು. ಮಾರನೇ ವರ್ಷವೇ ಅಮೆರಿಕದ ಸಿಬಿಎಸ್ ಟಿವಿಲಿ ಒಂದು ಗಂಟೆ ನಾಟಕವಾಗಿ ಬಂತು, ಅದ್ರಲ್ಲಿ ಬಾಂಡ್ ಅಮೆರಿಕನ್ ಏಜೆಂಟು, ಹೆಸರು ಜಿಮ್ಮಿ! ಆದ್ರೂ ವಿಲನ್ ಪೀಟರ್ ಲೋರೆಗೋಸ್ಕರ ಒಂದ್ಸಲ ನೋಡ್ಬಹುದು. 1967ರದ್ದು ಪೂರ್ತಿ ಕಾಮಿಡಿ, ಯಾಕಂದ್ರೆ ಈ ಪುಸ್ತಕದ ಸಿನಿಮಾ ಹಕ್ಕು ಮಾಮೂಲಿ ಬಾಂಡ್ ನಿರ್ಮಾಪಕರ ಹತ್ರ ಇರ್ಲಿಲ್ಲ, ಚಾರ್ಲ್ಸ್ ಫೆಲ್ಡ್‌ಮನ್ ಅನ್ನೋ ಬೇರೆ ನಿರ್ಮಾಪಕರ ಹತ್ರ ಇತ್ತು, ಆಗ ಬಾಂಡ್ ಪಾತ್ರ ಮಾಡ್ತಿದ್ದ ಶಾನ್ ಕಾನರಿ ಸಿಗ್ದೇ ಇದ್ದಾಗ ಅವರು ಅದನ್ನ ತಮಾಷೆ ಮಾಡಿಬಿಟ್ರು. ಕಥೆ ಹುಡುಕ್ಬೇಡಿ ಅದ್ರಲ್ಲಿ.

ಹಕ್ಕು ಕೊನೆಗೆ 1999ರಲ್ಲಿ ಮಾಮೂಲಿ ಬಾಂಡ್ ಸಿನಿಮಾಗಳ ಸ್ಟುಡಿಯೊ ಎಂಜಿಎಂಗೆ ಬಂತು, ಆಮೇಲೆ ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶನದಲ್ಲಿ ಡೇನಿಯಲ್ ಕ್ರೇಗ್ ಹಾಕ್ಕೊಂಡು ಎಲ್ಲಾ ಮೊದಲಿಂದ ಶುರು ಮಾಡಿದ್ರು, ಬಾಂಡ್‌ಗೆ ಆಗಷ್ಟೇ ಡಬಲ್ ಓ, ಅಂದ್ರೆ ಕೊಲ್ಲೋ ಪರವಾನಗಿ, ಸಿಕ್ಕಿರತ್ತೆ, ತಪ್ಪು ಮಾಡ್ತಾನೆ, ಏಟು ತಿಂತಾನೆ. ಜೂಜಿನಲ್ಲಿ ಬ್ಯಾಕರಾ ಅನ್ನೋ ಇಸ್ಪೀಟಾಟದ ಬದ್ಲು ಪೋಕರ್ ಬಂತು, ಫ್ರಾನ್ಸ್ ಬದ್ಲು ಮಾಂಟೆನೆಗ್ರೊ, ಆದ್ರೆ ಕಥೆಯ ಬೆನ್ನೆಲುಬು ಪುಸ್ತಕದ್ದೇ. ಬಾಂಡ್‌ನ ಸೀಟು ಕಿತ್ತ ಬೆತ್ತದ ಕುರ್ಚಿ ಮೇಲೆ ಕಟ್ಹಾಕಿ ಹೊಡಿಯೋ ಸೀನ್ ಇದ್ಯಲ್ಲ, ಅದೂ ಪುಸ್ತಕದ್ದೇ, ಅಲ್ಲಿ ಜಮಖಾನೆ ಧೂಳು ಝಾಡಿಸೋ ಬೆತ್ತ, ಇಲ್ಲಿ ಗಂಟು ಹಾಕಿದ ಹಗ್ಗ ಅಷ್ಟೇ ವ್ಯತ್ಯಾಸ. ನಂಗೆ ಮಾತ್ರ ಅದಕ್ಕಿಂತ ಹೆಚ್ಚು ತಟ್ಟಿದ್ದು ಶವರ್ ಸೀನು, ಕೊಲೆ ನೋಡಿ ನಡುಗ್ತಾ ಬಟ್ಟೆ ಸಮೇತ ನೀರಡಿ ಕೂತಿರೋ ನಾಯಕಿ ವೆಸ್ಪರ್ ಪಕ್ಕ ಬಾಂಡೂ ಬಂದು ಸುಮ್ನೆ ಕೂತ್ಕೊಳ್ತಾನೆ, ಇದು ಪುಸ್ತಕದಲ್ಲಿಲ್ಲ, ಆದ್ರೆ ಕೊನೇಲಿ ಅವಳ ವಿಷ್ಯ ಗೊತ್ತಾದಾಗ ನೋವಾಗೋದೇ ಇದ್ರಿಂದ.